ಇನ್ನೊಬ್ಬಳು ಎಲ್ಲಿ?

ನ್ಯೂ ಬೆಡ್‌ಫರ್ಡ್, ಅಮೆರಿಕ
ಭಾನುವಾರ, 28 ಏಪ್ರಿಲ್ 1996

ಪ್ರೀತಿಯ ಡಿಯೊಲಿಂಡಾ ಅಕ್ಕನಿಗೆ,

ಈಸ್ಟರ್ ದಿನ ನಮ್ಮ ಅಜೋರಿಸ್ ದ್ವೀಪದಿಂದ ನೀನು ಅಷ್ಟು ಕಷ್ಟಪಟ್ಟು ಫೋನ್ ಮಾಡಿ ಮಕ್ಕಳ ಕಾಲೇಜು ಏನಾಯಿತೆಂದು ಕೇಳಿದರೆ, ‘ಎಲ್ಲ ಚೆನ್ನಾಗಿದೆ’ ಎಂದು ಮಾತು ಮುಗಿಸಿಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಇಬ್ಬರೂ ನನ್ನ ಪಕ್ಕದಲ್ಲೇ ನಿಂತಿದ್ದರು. ಎಲ್ಲ ಚೆನ್ನಾಗಿಯೇನೂ ಇರಲಿಲ್ಲ. ಈಗ ಮನೆಯಲ್ಲಿ ಯಾರೂ ಇಲ್ಲ, ಅದಕ್ಕೆ ಬರೆಯಲು ಕೂತೆ.

ನಮ್ಮ ಅವಳಿಗಳನ್ನು ನೀನು ನೋಡಿರುವುದು ಫೋಟೋದಲ್ಲಷ್ಟೇ. ಯಾರು ನೊಯೇಮಿಯಾ, ಯಾರು ಲೀಡಿಯಾ ಎಂದು ಪ್ರತಿ ಸಲ ಕೇಳುತ್ತೀಯ. ಇಲ್ಲಿ ಹುಟ್ಟಿದಾಗಿನಿಂದ ನೋಡುತ್ತಿರುವವರೂ ಹಾಗೇ ಕೇಳುತ್ತಾರೆ. ಮಾತಾಡಿದರೆ ಮಾತ್ರ ಗುರುತು ಸಿಗುತ್ತದೆ. ಮೊದಲು ಬಾಯಿ ಬಿಡುವವಳು ಲೀಡಿಯಾ, ಅವಳ ಭುಜದ ಹಿಂದೆ ನಿಂತು ನಗುವವಳು ನೊಯೇಮಿಯಾ. ಬ್ರೆಡ್ ತರಲು ಒಬ್ಬಳೇ ಹೋದರೂ ಅಂಗಡಿಯವನು ‘ಇನ್ನೊಬ್ಬಳು ಎಲ್ಲಿ?’ ಅನ್ನುತ್ತಾನೆ. ನನಗಂತೂ ಆ ಮಾತು ಹಿತವಾಗಿಯೇ ಕೇಳಿಸುತ್ತಿತ್ತು.

ಇಬ್ಬರೂ ಎರಡೇ ಕಾಲೇಜಿಗೆ ಅರ್ಜಿ ಹಾಕಿದ್ದರು. ಒಂದು ಇಲ್ಲೇ, ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಸರ್ಕಾರಿ ಕಾಲೇಜು. ಇನ್ನೊಂದು ಮಿನ್ನೆಸೋಟದಲ್ಲಿ, ವಿಮಾನ ಹತ್ತಬೇಕಾದಷ್ಟು ದೂರ. ಮಾರ್ಚ್ ಇಡೀ ಅಂಚೆಯವನ ದಾರಿ ಕಾದೆವು. ಲಕೋಟೆ ದಪ್ಪಗಿದ್ದರೆ ಸೀಟು ಸಿಕ್ಕಿತು, ತೆಳ್ಳಗಿದ್ದರೆ ಇಲ್ಲ. ಒಡೆಯುವ ಮೊದಲೇ ಕೈಗೆ ಗೊತ್ತಾಗಿಬಿಡುತ್ತದೆ. ಹತ್ತಿರದ ಕಾಲೇಜಿನಿಂದ ಇಬ್ಬರಿಗೂ ದಪ್ಪ ಲಕೋಟೆ ಬಂತು, ಇಬ್ಬರಿಗೂ ಅರ್ಧ ಫೀಸು ಮಾಫಿ. ದೂರದ್ದು ಮಾತ್ರ ಲೀಡಿಯಾಳಿಗೆ ತೆಳ್ಳಗೆ ಬಂತು, ನೊಯೇಮಿಯಾಳಿಗೆ ದಪ್ಪಗೆ. ಅವಳಿಗೆ ಪೂರ್ತಿ ಸ್ಕಾಲರ್‌ಶಿಪ್, ಊಟ, ವಸತಿ ಎಲ್ಲ ಸೇರಿ.

ಲೀಡಿಯಾ ತನ್ನದನ್ನು ಓದಿ ಮಡಚಿಟ್ಟು, “ಅಲ್ಲಿ ಮೂಗು ಉದುರೋ ಅಂಥ ಚಳಿಯಂತೆ, ಬಚಾವಾದೆ” ಅಂದಳು. ನೊಯೇಮಿಯಾ ತನ್ನದನ್ನು ಓದಿದವಳೇ, “ನಾನೂ ಹೋಗಲ್ಲ. ಇವಳನ್ನ ಬಿಟ್ಟು ಹೇಗೆ ಹೋಗ್ಲಿ?” ಅಂದಳು.

ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ಪಕ್ಕದ ಮನೆಯ ಯುಲಾಲಿಯಾ ಮೊಟ್ಟೆ ಹುದುಗಿಸಿದ ಈಸ್ಟರ್ ಬ್ರೆಡ್ ತಂದುಕೊಟ್ಟು, “ತಂಗಿಗೋಸ್ಕರ ಅಂಥ ಸೀಟನ್ನೇ ಬಿಟ್ಳಲ್ಲ, ಎಂಥಾ ಮನಸ್ಸಮ್ಮ ನಿನ್ನ ಮಗಳದ್ದು” ಎಂದು ಕಣ್ಣೊರೆಸಿಕೊಂಡಳು. ಕರ್ಟನ್ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಹೊಲಿಯುವವರಿಗೆಲ್ಲ ನಾನೇ ಹೇಳಿಕೊಂಡು ಬಂದೆ. ಸ್ವಲ್ಪ ಜಂಬವೇ ಇತ್ತು ಅನ್ನು. ಲೀಡಿಯಾ ಮಾತ್ರ ದಿನೇ ದಿನೇ ಮಾತು ಕಡಿಮೆ ಮಾಡಿದಳು. ಸೀಟು ಸಿಗದ ನೋವಿರಬೇಕು ಅಂದುಕೊಂಡೆ.

ಹೋದ ಭಾನುವಾರ ಇವರು ಮೀನು ಹಿಡಿಯುವ ಕೆಲಸ ಮುಗಿಸಿ ಸಮುದ್ರದಿಂದ ಬಂದಿದ್ದರು. ಮಧ್ಯಾಹ್ನ ಸಾಸೇಜ್ ಹಾಕಿ ಮಾಡಿದ ಸೊಪ್ಪಿನ ಸೂಪಿಗೆ ನಾಲ್ವರೂ ಕೂತಿದ್ದೆವು. ಇಬ್ಬರನ್ನೂ ಓದಿಸಬೇಕಾದರೆ ಬಿಡುವಿಲ್ಲದೆ ದೋಣಿ ಹತ್ತಬೇಕಾಗುತ್ತದೆ ಎಂದು ಇವರಿಗೆ ಗೊತ್ತು. ಆದರೂ ನಗುನಗುತ್ತಲೇ, “ಇಬ್ರೂ ಒಟ್ಟಿಗಿರ್ತೀರಲ್ಲ, ನನಗಷ್ಟು ಸಾಕು” ಅಂದರು.

ಲೀಡಿಯಾ ಚಮಚ ಕೆಳಗಿಟ್ಟಳು. “ಅಪ್ಪ, ನನ್ನನ್ನ ಯಾರೂ ಕೇಳ್ಲೇ ಇಲ್ಲ” ಅಂದಳು.

“ಏನು ಕೇಳ್ಬೇಕಿತ್ತಮ್ಮ?”

“ಇವಳು ಉಳೀಬೇಕಾ ಅಂತ. ನನಗೆ ಬೇಡ. ಜಗಳ ಅಲ್ಲಪ್ಪ. ಎಲ್ಲಿ ಹೋದ್ರೂ ‘ಇನ್ನೊಬ್ಬಳು ಎಲ್ಲಿ’ ಅಂತಾರೆ. ಒಬ್ಬಳೇ ಇದ್ರೆ ಅರ್ಧ ಬಂದಿದೀನೇನೋ ಅನ್ನೋ ಹಾಗೆ ನೋಡ್ತಾರೆ. ಯಾರೂ ಹಾಗೆ ಕೇಳದ ಕ್ಲಾಸಲ್ಲಿ ಒಂದು ಸಲ ಕೂತ್ಕೋಬೇಕು ನಾನು. ಇವಳು ನನಗೋಸ್ಕರ ಉಳಿದ್ರೆ ನಾಲ್ಕು ವರ್ಷ ಇವಳ ಋಣ ಹೊತ್ಕೊಂಡು ಓಡಾಡ್ಬೇಕು. ನಾನೇನು ಹೋಗು ಅಂತ ಕಳಿಸ್ತಾ ಇಲ್ಲ. ನನ್ನ ಹೆಸರು ಹೇಳ್ಕೊಂಡು ಉಳೀಬೇಡ ಅಂತಿದೀನಿ.”

ನೊಯೇಮಿಯಾ ಬಟ್ಟಲು ಪಕ್ಕಕ್ಕೆ ಸರಿಸಿದಳು. ಎದ್ದು ಮಹಡಿ ಹತ್ತಿದಳು. ಲೀಡಿಯಾ ಮತ್ತೆ ಚಮಚ ಎತ್ತಿಕೊಂಡಳು, ಆದರೆ ಕಣ್ಣೀರು ಬಟ್ಟಲಿಗೇ ಬೀಳುತ್ತಿತ್ತು.

ಚಿಲಕವಿರುವುದು ನಮ್ಮ ಮನೆಯಲ್ಲಿ ಬಚ್ಚಲುಮನೆಗೆ ಮಾತ್ರ. ನೊಯೇಮಿಯಾ ಅದರೊಳಗೆ ಸೇರಿಕೊಂಡಿದ್ದಳು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತೆ. “ಅವಳ ಮಾತಿಗೆ ಬೇಜಾರಾಗ್ಬೇಡ ಕಣೇ, ನೀನು ಅವಳಿಗೋಸ್ಕರ ಎಷ್ಟು ದೊಡ್ಡದನ್ನ ಬಿಟ್ಟೆ ಅಂತ ಅವಳಿಗೂ ಗೊತ್ತು” ಅಂದೆ.

ಒಳಗಿನಿಂದ ದನಿ ಬಂತು. “ಅವಳಿಗೋಸ್ಕರ ಅಲ್ಲಮ್ಮ. ನನಗೆ ಭಯ. ಅಲ್ಲಿ ಊಟಕ್ಕೆ ಯಾರ ಪಕ್ಕ ಕೂತ್ಕೊಳ್ಳಲಿ? ಎಲ್ಲಿ ಹೋದ್ರೂ ಮಾತು ಶುರು ಮಾಡೋದು ಅವಳೇ. ಎಲ್ಲರೂ ಹೊಗಳಿದ್ರು, ನಾನು ಸುಮ್ಮನಿದ್ದುಬಿಟ್ಟೆ.”

ಅಕ್ಕ, ‘ಹಾಗಾದರೆ ಹೋಗಲೇ ಬೇಡ ಮಗಳೇ, ಇಲ್ಲೇ ಇರು’ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಉಳಿದೇಬಿಡುತ್ತಿದ್ದಳು. ಅಷ್ಟರಲ್ಲಿ ಲೀಡಿಯಾ ಮೇಲೆ ಬಂದು ನನ್ನ ಪಕ್ಕ ಕುಕ್ಕರಿಸಿ ಕೂತು, ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಳು: “ಉಪ್ಪು ಕೇಳು.”

“ಏನು?”

“ಊಟಕ್ಕೆ ಕೂತಾಗ ಪಕ್ಕದವರನ್ನ ಉಪ್ಪು ಕೇಳು. ನಾನು ಮಾಡೋದು ಅಷ್ಟೇ. ಆಮೇಲಿನ ಮಾತು ತಾನಾಗೇ ಬರುತ್ತೆ.”

“ಊಟದಲ್ಲಿ ಉಪ್ಪು ಸರಿಯಾಗಿದ್ರೆ?”

“ಕಾಲೇಜ್ ಊಟದಲ್ಲಿ ಎಲ್ಲಿ ಸರಿಯಾಗಿರುತ್ತೆ, ಪೆದ್ದಿ.”

ಒಳಗೆ ಕಿಸಕ್ಕೆಂದದ್ದು ಕೇಳಿಸಿತು. ಚಿಲಕ ಮಾತ್ರ ತೆಗೆಯಲಿಲ್ಲ. ಆಗ ಕೆಳಗಿನಿಂದ ಇವರು ಮೆಲ್ಲಗೆ, “ನಿಮ್ಮದು ಮುಗಿದಿದ್ರೆ ನಾನು ಬಚ್ಚಲಿಗೆ ಹೋಗ್ಬೇಕಿತ್ತು” ಅಂದರು. ಪಾಪ, ಎಷ್ಟು ಹೊತ್ತಿನಿಂದ ಮೆಟ್ಟಿಲ ಬುಡದಲ್ಲಿ ನಿಂತಿದ್ದರೋ. ಬಾಗಿಲು ತೆರೆಯಿತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ, ಏನೂ ಇಲ್ಲ. ಲೀಡಿಯಾ ಅವಳ ಕೈಗೆ ಟವೆಲ್ ಕೊಟ್ಟಳು, ಅವಳು ಮುಖ ಒರೆಸಿಕೊಂಡಳು.

ಆಮೇಲೆ ಎರಡು ದಿನ ಯೋಚನೆ ಮಾಡಿ, ಬುಧವಾರ ನೊಯೇಮಿಯಾ ತಾನೇ ಬಂದು, “ಭಯ ಇನ್ನೂ ಹೋಗಿಲ್ಲ, ಆದ್ರೂ ಹೋಗ್ತೀನಿ” ಅಂದಳು. ಮಿನ್ನೆಸೋಟಕ್ಕೆ ಒಪ್ಪಿಗೆ ಬರೆದು ಅಂಚೆಗೆ ಹಾಕಿದ್ದಾಳೆ. ಆಗಸ್ಟ್ ಕೊನೆಗೆ ಹೊರಡುತ್ತಾಳೆ. ಲೀಡಿಯಾ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅವಳೊಬ್ಬಳೇ ಬಾಗಿಲಲ್ಲಿ ಕಂಡಾಗ ನನ್ನ ಬಾಯಿಂದಲೂ ಆ ಪ್ರಶ್ನೆ ಬಂದುಬಿಟ್ಟರೆ ಏನು ಗತಿ ಎಂದು ಹೆದರಿಕೆ. ಒಬ್ಬೊಬ್ಬಳನ್ನೇ ಹೆಸರು ಹಿಡಿದು ಕರೆಯುವ ಅಭ್ಯಾಸ ಈಗಿನಿಂದಲೇ ಶುರು ಮಾಡಿದ್ದೇನೆ. ಬಾಯಿಗೆ ಇನ್ನೂ ಒಗ್ಗಿಲ್ಲ.

ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೊ, ಉದಾಸೀನ ಮಾಡಬೇಡ. ನಿನಗೆ ನಮ್ಮೆಲ್ಲರ ಮುತ್ತು.

ಯಾವಾಗಲೂ ನಿನ್ನವಳೇ ಆದ
ನತಾಲಿಯಾ

ಮತ್ತೆ: ಇದನ್ನು ಫೋನಿನಲ್ಲಿ ಕೇಳಲಾರೆ. ನಾನು ಮದುವೆಯಾಗಿ ಅಮೆರಿಕಕ್ಕೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ನೀನು ಎಲ್ಲರೂ ತಿರುಗಿ ನೋಡುವ ಹಾಗೆ ಅತ್ತೆ. ಆಮೇಲೆ ಮನೆಗೆ ಹೋಗಿ ನಮ್ಮಿಬ್ಬರ ಮಂಚದ ಮೇಲೆ ಒಬ್ಬಳೇ ಮಲಗಿದಾಗ, ಸ್ವಲ್ಪವಾದರೂ ಕೈಕಾಲು ಚಾಚಿ ಹಾಯಾಗಿ ಉಸಿರು ಬಿಟ್ಟೆಯಾ? ಬಿಟ್ಟಿದ್ದರೆ ಹೇಳು, ನನಗೇನೂ ಅನ್ನಿಸುವುದಿಲ್ಲ. ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅಳುತ್ತಳುತ್ತಲೇ ನಾನು ಅದರ ಮೇಲೆ ಕಾಲು ಚಾಚಿಕೊಂಡಿದ್ದೆ.