ಬಾಗಿಲು ಕಾಯುವವನ ಕಾಲು

ಮಾನ್ಯ ತಾಲೂಕುದಾರ ಸಾಹೇಬರೇ,

ಜಿಲ್ಲೆಗೆಲ್ಲ ಹಿರಿಯರಾದ ತಮ್ಮ ಕಲಬುರ್ಗಿ ಕಚೇರಿಯಲ್ಲಿ ಗುಮಾಸ್ತರಿಗೆ ಗಾದಿಯಿದೆ, ವಕೀಲರಿಗೆ ಕುರ್ಚಿಯಿದೆ. ಪಂಕಾ ಎಳೆಯುವವನು ಕೂಡ ಗೋಡೆಗೆ ಒರಗಿ ಕೂತೇ ಎಳೆಯುತ್ತಾನೆ. ತಮ್ಮ ಬಾಗಿಲು ಕಾಯುವ ಜವಾನ ದೌಲಪ್ಪ ಮಾತ್ರ ಬೆಳಗಿನಿಂದ ದೀಪ ಹಚ್ಚುವವರೆಗೆ ನಿಂತಿರಬೇಕು. ನಿಂತು ನಿಂತು ಅವನ ಕಾಲು ಹಾಳಾಗುತ್ತಿದೆ. ಕಾಲು ಉಳಿಸಿಕೊಳ್ಳಲು ಹೋದರೆ ನೌಕರಿ ಹೋಗುತ್ತದೆ ಎಂದು ತಮ್ಮ ಕಚೇರಿ ತಾಕೀತು ಮಾಡಿದೆ. ಇದನ್ನು ಉರ್ದುವಿನಲ್ಲಿ ಅರ್ಜಿ ಬರೆಸಿ ಕೊಟ್ಟೆ, ಮತ್ತೊಮ್ಮೆ ಕೊಟ್ಟೆ. ಜವಾಬು ಬರಲಿಲ್ಲ. ಈಗ ಊರೆಲ್ಲ ಓದಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸಂಗತಿಯನ್ನು ನನಗೆ ಮೊದಲು ಹೇಳಿದವಳು ದೌಲಪ್ಪನ ಹೆಂಡತಿ ಮಾನಮ್ಮ, ಹೋದ ಎಳ್ಳ ಅಮಾವಾಸ್ಯೆಯ ದಿನ, ನಮ್ಮ ಕಮಲಾಪುರದ ಹೊಲದಲ್ಲಿ. ಎಲ್ಲರೂ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಮುಂದಿಟ್ಟುಕೊಂಡು ಕೂತಿದ್ದೆವು. ಹಬ್ಬಕ್ಕೆಂದು ಊರಿಗೆ ಬಂದಿದ್ದ ದೌಲಪ್ಪ ನಿಂತೇ ಉಣ್ಣುತ್ತಿದ್ದ. ಕೂಡೋ ಮಾರಾಯ ಎಂದರೆ, ಕೂಡುವ ರೂಢಿಯೇ ತಪ್ಪಿದೆ ಎಂದು ನಕ್ಕ. ಮಾನಮ್ಮ ನಗಲಿಲ್ಲ.

“ಯಣ್ಣಾ, ಧೋತರ ಸರಿಸಿ ಇವರ ಕಾಲು ಒಮ್ಮೆ ನೋಡ್ರಿ. ಆಲದ ಬೇರು ಎದ್ದಂಗ ನರ ಎದ್ದಾವ,” ಎಂದಳು.

ನೋಡಿದೆ. ಮೀನಖಂಡದ ಮೇಲೆ ನೀಲಿ ನರಗಳು ಹೊಸೆದ ಹಗ್ಗದಂತೆ ಉಬ್ಬಿ ಸುತ್ತಿಕೊಂಡಿದ್ದವು. ಕಣಕಾಲಿನ ಸುತ್ತ ಚರ್ಮ ಕಪ್ಪಿಟ್ಟಿತ್ತು. ಸಂಜೆಗೆ ಕಾಲು ಬೀಸುವ ಕಲ್ಲಿನಷ್ಟು ಭಾರ, ಮಲಗಿದರೆ ಸೆಳೆತ, ತಡೆಯಲಾಗದ ತುರಿಕೆ. ಊರಿನ ತಿಳಿದವರಾದ ನಾವು ಏನು ಹೇಳಿದೆವು? ಹಾವಿನಂತೆ ಸುತ್ತಿದೆ, ನಾಗದೋಷವೇ ಸರಿ ಎಂದೆವು. ಪಾಪ, ಹುತ್ತಕ್ಕೆ ಹಾಲೆರೆದು ಬಂದ. ಅಲ್ಲಿಯೂ ನಿಂತೇ ಕೈಮುಗಿದನಂತೆ.

ಮುಂದಿನ ವಾರ ತಮ್ಮ ಬಾಗಿಲಲ್ಲೇ, ತುರಿಸಿದ ಜಾಗದಲ್ಲಿ ನರ ಒಡೆದು ರಕ್ತ ಚಿಮ್ಮಿತು. ತಮ್ಮ ಮುಂದೆ ಕಾಗದಪತ್ರ ಇಡುವ ಪೇಶಕಾರರು ದಯಾಳುಗಳು, ಓಡಿಬಂದು ಸ್ವಂತ ಕುರ್ಚಿಯನ್ನೇ ಕೊಟ್ಟರು. ಹುಟ್ಟಿದಾಗಿನಿಂದ ಕುರ್ಚಿಯಲ್ಲಿ ಕೂತರಿಯದವನನ್ನು ಕುರ್ಚಿಯ ಮೇಲೆ ಕೂಡಿಸಿ, ಕಾಲು ಇಳಿಬಿಟ್ಟು, ತಲೆಯ ರುಮಾಲು ಬಿಚ್ಚಿ ಮೊಣಕಾಲ ಮೇಲೆ ಬಿಗಿದರು. ಮರ್ಯಾದೆ ಹೆಚ್ಚಿದಷ್ಟೂ ರಕ್ತವೂ ಹೆಚ್ಚಿತು. ಸರ್ಕಾರಿ ದವಾಖಾನೆಯ ಡಾಕ್ಟರ್ ಬಂದೇನವಾಜ್ ಸಾಹೇಬರು ಬಂದವರೇ, “ಕುರ್ಚಿ ತಗೀರಿ, ರುಮಾಲು ಬಿಚ್ಚರಿ. ನೆಲಕ್ಕ ಮಲಗಸಿ ಕಾಲು ಎದಿಗಿಂತ ಮ್ಯಾಲ ಹಿಡೀರಿ,” ಎಂದರು. ಮಡಿ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿದರು. ರಕ್ತ ನಿಂತಿತು.

ಅವರು ತಿಳಿಸಿ ಹೇಳಿದ್ದು ಇಷ್ಟು: ಕಾಲಿನ ನರಗಳೊಳಗೆ ಸಣ್ಣ ಸಣ್ಣ ಕದಗಳಿವೆ. ಮೇಲೆ ಹೋಗುವ ರಕ್ತ ಕೆಳಗೆ ಬೀಳದಂತೆ ಅವು ಮುಚ್ಚಿಕೊಳ್ಳುತ್ತವೆ. ವರ್ಷಗಟ್ಟಲೆ ಅಲುಗಾಡದೆ ನಿಂತವರಲ್ಲಿ ಎಷ್ಟೋ ಮಂದಿಗೆ ಆ ಕದಗಳು ಸಡಿಲಾಗಿ, ರಕ್ತ ಕೆಳಗೇ ಮಡುಗಟ್ಟುತ್ತದೆ. ತಮ್ಮ ಕದ ಕಾಯಲು ಹೋಗಿ ದೌಲಪ್ಪ ತನ್ನ ಕದಗಳನ್ನು ಕಳೆದುಕೊಂಡ. ಈ ಬೇನೆ ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಹಾಸಿಗೆಯಿಂದ ಏಳುವ ಮೊದಲೇ ಬೆರಳ ಬುಡದಿಂದ ಮೊಣಕಾಲಿನವರೆಗೆ ಬಟ್ಟೆಯ ಪಟ್ಟಿ ಸುತ್ತಬೇಕು. ಕೆಳಗೆ ಬಿಗಿ ಇರಲಿ, ಮೇಲೆ ಹೋದಂತೆ ಸಡಿಲಾಗಲಿ. ಒಂದೇ ಕಡೆ ನಿಲ್ಲಬಾರದು, ಅಡ್ಡಾಡಬೇಕು. ತುರಿಸಬಾರದು. ಮಧ್ಯಾಹ್ನ ಮಲಗಿ ಕಾಲನ್ನು ಗೋಡೆಗೆ ಎತ್ತಿಡಬೇಕು. ಅಸಡ್ಡೆ ಮಾಡಿದರೆ ಮಾಯದ ಹುಣ್ಣಾಗುತ್ತದೆ, ಮತ್ತೆ ಒಡೆದಾಗ ಹತ್ತಿರ ಯಾರೂ ಇಲ್ಲದಿದ್ದರೆ ಜೀವಕ್ಕೂ ಅಪಾಯ.

ದೌಲಪ್ಪ ವಿಧೇಯ. ಮರುದಿನ ಊಟದ ಬಿಡುವಿನಲ್ಲಿ ಪಡಸಾಲೆಯಲ್ಲಿ ಮಲಗಿ ಗೋಡೆಗೆ ಕಾಲಿಟ್ಟ. ಆ ಗೋಡೆಯ ಆಚೆ ತಾವು ಕೂಡುವ ಗಾದಿ.

“ಏನೋ ದೌಲ್ಯಾ, ಸರ್ಕಾರಕ್ಕ ಕಾಲು ತೋರಸಾಕತ್ತಿ?” ಎಂದರಂತೆ ಪೇಶಕಾರರು.

ಇದು ಬೇಅದಬಿ, ದೊಡ್ಡವರಿಗೆ ಅಗೌರವ; ಮತ್ತೆ ಕಂಡರೆ ಬರತರ್ಫ್, ನೌಕರಿಯಿಂದ ವಜಾ ಎಂದು ಹುಕುಂ ಆಯಿತು. ಹಾಗಾದರೆ ಬಡವ ಕಾಲನ್ನು ಯಾವ ದಿಕ್ಕಿಗೆ ಎತ್ತಬೇಕು? ಪಡುವಣಕ್ಕೆ ಮಸೀದಿ, ಮೂಡಣಕ್ಕೆ ಗುಡಿ, ತೆಂಕಣಕ್ಕೆ ಯಮರಾಯ, ಬಡಗಣಕ್ಕೆ ತಾವು. ದೇವರು ಕಾಲನ್ನು ಕಂಡು ಕೋಪಿಸಿದ್ದನ್ನು ನಾನಂತೂ ಕೇಳಿಲ್ಲ. ಗೋಡೆಯ ಆಚೆಯಿಂದ ಕಾಣದ ಕಾಲಿನ ಮೇಲೆ ಕೋಪ ಬಂದಿದ್ದು ತಮ್ಮ ಕಚೇರಿಗೆ ಮಾತ್ರ.

ನೌಕರಿ ಬಿಟ್ಟುಬಿಡು ಎಂದು ಮಾನಮ್ಮ ಹಟ ಹಿಡಿದಿದ್ದಾಳೆ. ಅವನೋ, “ಕಾಲು ಹ್ಯಾಂಗಾರ ಆಗಲಿ, ಬಾಗಲಾ ಬಿಟ್ರ ನಾ ಯಾರು?” ಎನ್ನುತ್ತಾನೆ. ಇಬ್ಬರ ನಡುವೆ ಮಾತಾಡಿ ನಾನು ದಣಿದಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಬಾಗಿಲ ಬಳಿ ಕೂಡಲು, ತಾವು ಬೆಂಚು ಎನ್ನುವ, ಒಂದು ಬಾಕು ಇರಲಿ. ನಡುನಡುವೆ ಪಡಸಾಲೆಯಲ್ಲಿ ಅಡ್ಡಾಡಲು ಬಿಡಿ. ಮಧ್ಯಾಹ್ನ ಅವನು ಕಾಲೆತ್ತಿ ಮಲಗಿದರೆ ಅದು ಔಷಧ, ಬೇಅದಬಿಯಲ್ಲ ಎಂದು ಹುಕುಂ ಮಾಡಿ.

ಮೊನ್ನೆ ಕೆಂಪು ಬಾಳೆಗೊನೆಯ ಬಂಡಿ ಹೊಡೆದುಕೊಂಡು ಕಲಬುರ್ಗಿಗೆ ಬಂದವನು, ಸಂಜೆ ಬ್ರಹ್ಮಪುರದ ಗುಡಿಯ ಕಟ್ಟೆಯ ಮೇಲೆ ಈ ಕಥೆ ಹೇಳಿದೆ. ಕೇಳಿದವರು ಎದ್ದು ಹೋದರು. ಮರುದಿನ ಬೆಳಗ್ಗೆ ನೋಡಿದರೆ, ಬಡಿಗ ಅಣವೀರಪ್ಪ ಮುಂದಾಗಿ, ಅವರೆಲ್ಲ ಒಂದು ಬೇವಿನ ಬಾಕನ್ನು ಹೊತ್ತು ತಂದು ತಮ್ಮ ಬಾಗಿಲ ಪಕ್ಕ ಇಟ್ಟು ಹೋಗಿದ್ದರು. ದೌಲಪ್ಪ ಅದರ ದೂಳು ಒರೆಸಿದ. ಒರೆಸಿ, ಅದರ ಮಗ್ಗುಲಲ್ಲಿ ನಿಂತುಕೊಂಡ. ಸಾಹೇಬರು ಅನ್ನದೆ ಹೇಗೆ ಕೂಡಲಿ ಎನ್ನುತ್ತಾನೆ. ಇಂದೂ ನಿಂತೇ ಇದ್ದಾನೆ. ಒಮ್ಮೆ ಹೊರಗೆ ಬಂದು, ಕೂಡು ಎಂದುಬಿಡಿ.

ಇಂತಿ,
ಅರ್ಜಿ ಹಿಡಿದು ತಮ್ಮ ಪಡಸಾಲೆಯಲ್ಲಿ ನಿಂತು ತನ್ನ ಕಾಲನ್ನೂ ಒಮ್ಮೆ ನೋಡಿಕೊಂಡ
ಕಮಲಾಪುರದ ಒಬ್ಬ ಕಥೆಗಾರ