ಚರ್ಮದ ಹೊದಿಕೆಯ ಒಂದೇ ಪುಸ್ತಕ

ಅಪ್ಪಾ,

ನೀನು ತೀರಿಹೋದೆ, ಇನ್ನು ಓದಲಾರೆ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ನನ್ನ ನಗೆಬರಹಗಳು ಗಟ್ಟಿ ರಟ್ಟಿನ ಪುಸ್ತಕವಾಗುತ್ತಿವೆ. ಹೊದಿಕೆ ಆರಿಸಲು ಇವತ್ತು ನಿನ್ನ ಬೈಂಡಿಂಗ್ ಅಂಗಡಿಗೆ ಹೋಗಿ, ಮಹಾಕವಿಯ ಗತ್ತಿನಲ್ಲಿ ಕೂತು, ಚರ್ಮವೇ ಬೇಕೆಂದೆ.

"ಯಜಮಾನ್ರು ಇಡೀ ಜನ್ಮದಲ್ಲಿ ಒಂದೇ ಪುಸ್ತಕಕ್ಕೆ ಚರ್ಮ ಹಾಕಿದ್ದು ಅಣ್ಣಾ," ಎನ್ನುತ್ತ ನಿನ್ನ ಶಿಷ್ಯ ಅದನ್ನು ಕಪಾಟಿನಿಂದ ತೆಗೆದುಕೊಟ್ಟ.

ಒಳಗೆ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ನನ್ನ ಅಂಕಣಗಳು. ಮೊದಲ ಪುಟದಲ್ಲೇ ನಿನ್ನ ಮೇಲೆ ಬರೆದದ್ದು: "ಸಾವಿರಾರು ಪುಸ್ತಕಗಳಿಗೆ ಅಂಗಿ ತೊಡಿಸಿದ ನಮ್ಮಪ್ಪ ಒಂದನ್ನೂ ಓದಿಲ್ಲ." ಊರೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಆ ಪುಟದ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿದೆ.

"ಹಾಗಾದ್ರೆ ನಿಮ್ದಕ್ಕೂ ಚರ್ಮಾನೇ ಹಾಕ್ಲಾ?"

"ಬೇಡ ಮಾರಾಯ, ರೆಕ್ಸಿನ್ ಸಾಕು. ಒಳಗಿನ ಸರಕಿಗೆ ಅದೇ ಹೆಚ್ಚು."

ತಮಾಷೆಯೆಂದುಕೊಂಡು ನಕ್ಕ. ಆ ಅಂಕಣ ಬಂದ ದಿನ ನೀನೂ ನಕ್ಕಿದ್ದೆಯಲ್ಲ, ಅಪ್ಪಾ.