ಇರುವಳಿ ಇಳಿದ ವರ್ಷ

ಧೂಳುಗಾಲ ಮುನ್ನೂರ ಹನ್ನೊಂದು, ಹದಿನಾಲ್ಕನೆಯ ತಿಂಗಳ ನಲವತ್ತನೆಯ ದಿನ
ಮೇಲ್ದಂಡೆ

ನನಗಿಂತ ಎಷ್ಟೋ ತಲೆಮಾರು ಹಿಂದೆ ಬದುಕುತ್ತಿರುವ ಹಿರಿಯರಿಗೆ ಅಂಬವ್ವನ ಶರಣು. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕನ್ನಡವೇ ಇದು, ಬಳಸಿ ಬಳಸಿ ಇಷ್ಟಾಗಿದೆ.

ನಮ್ಮ ಕಡೆ ಗಾಳಿಯಲ್ಲಿ ಸದಾ ಧೂಳಿರುತ್ತದೆ. ಬೆಳಗಾದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟುವುದು, ರೊಟ್ಟಿ ಬಡಿಯುವಾಗ ಹಿಟ್ಟಿಗೆ ಪರದೆ ಇಳಿಬಿಡುವುದು, ಹೊರಗೆ ಹೊರಟವರಿಗೆ ಮೂಗುಪಟ್ಟಿ ಬಿಗಿಯುವುದು, ಇದೇ ನಮ್ಮ ದಿನಚರಿ. ಇಷ್ಟು ಮಾಡಿದರೂ ಬೂದಿಕೆಮ್ಮು ಬರುವವರಿಗೆ ಬಂದೇ ಬರುತ್ತದೆ. ಅದು ವಾಸಿಯಾಗುವ ರೋಗವಲ್ಲ. ದಿನಾ ಉಸಿರುಪುಡಿ ಎಳೆದುಕೊಂಡರೆ ರೋಗಿ ಉಣ್ಣುತ್ತಾನೆ, ಓಡಾಡುತ್ತಾನೆ, ಹೆಂಡತಿಯ ಮೇಲೆ ರೇಗುತ್ತಾನೆ. ಬಿಟ್ಟರೆ ಒಂದೆರಡು ತಿಂಗಳಲ್ಲಿ ಸಾಯುತ್ತಾನೆ. ನಮ್ಮ ಮನೆಯವರು ಕರಿಬಸಪ್ಪನವರಿಗೂ ಅದೇ ಕೆಮ್ಮು.

ವರ್ಷಕ್ಕೊಮ್ಮೆ, ಧೂಳು ಅಡಗುವ ಹುಣ್ಣಿಮೆಯಂದು ಊರಿನಲ್ಲಿ ಎಣಿಕೆ ನಡೆಯುತ್ತದೆ. ಕೆಮ್ಮಿನವರ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಬಾಗಿಲಿಗೆ ನೀಲಿ ಬಟ್ಟೆ ಕಟ್ಟಬೇಕು. ಮೊನ್ನೆ ಕೆಮ್ಮು ಹಿಡಿದವರಿರಲಿ, ಇಪ್ಪತ್ತು ವರ್ಷದಿಂದ ಕೆಮ್ಮುತ್ತಿರುವವರಿರಲಿ, ಆ ದಿನ ಜೀವವಿದ್ದು ಕೆಮ್ಮೂ ಇದ್ದರೆ ಲೆಕ್ಕಕ್ಕೆ ಸೇರಿದರು. ಸಾವಿರ ಜನರಲ್ಲಿ ಇಂಥವರು ಎಷ್ಟು ಎಂಬುದಕ್ಕೆ ನಾವು ಇರುವಳಿ ಎನ್ನುತ್ತೇವೆ. ನಿಮ್ಮ ವೈದ್ಯರು ಪ್ರೆವಲೆನ್ಸ್ ಎನ್ನುತ್ತಾರಂತೆ. ಒಳ್ಳೆಯ ಲೆಕ್ಕವೇ, ನಾನು ಅದನ್ನು ದೂರುವುದಿಲ್ಲ. ಎಷ್ಟು ಪುಡಿ ತರಿಸಬೇಕು, ಎಷ್ಟು ಹಾಸಿಗೆ ಬೇಕು ಎಂದು ತಿಳಿಯುವುದು ಅದರಿಂದಲೇ. ಆದರೆ ಈ ವರ್ಷ ಹೊಸದಾಗಿ ಎಷ್ಟು ಜನ ಕಾಯಿಲೆ ಬಿದ್ದರು ಎಂದು ಅದು ಹೇಳುವುದಿಲ್ಲ. ಸತ್ತವರ ಸುದ್ದಿಯನ್ನಂತೂ ಎತ್ತುವುದೇ ಇಲ್ಲ.

ಪುಡಿ ಬಂದ ಮೇಲೆ ಸಾಯಬೇಕಾದವರು ಉಳಿದುಕೊಂಡರು, ಅವರ ಜೊತೆಗೆ ಹೊಸಬರೂ ಸೇರಿದರು, ಬೀದಿ ತುಂಬ ನೀಲಿ ಬಟ್ಟೆಗಳಾದವು. ಊರಿಗೆ ದಿಗಿಲು ಹುಟ್ಟಿತು. ಪುಡಿಯೇ ರೋಗ ಹಬ್ಬಿಸುತ್ತಿದೆ ಎಂದು ಊರ ಹಿರಿಯರಾದ ತೋಂಟಣ್ಣನವರು ಅದನ್ನು ತರಿಸುವುದನ್ನೇ ನಿಲ್ಲಿಸಿಬಿಟ್ಟರು. ಕೆಟ್ಟವರಲ್ಲ ಅವರು, ನಮ್ಮ ಮದುವೆಯಲ್ಲಿ ನೀರಿನ ಹಂಡೆ ಹೊತ್ತವರು. ಮುಂದಿನ ಎಣಿಕೆಯಲ್ಲಿ ಬಟ್ಟೆಗಳು ಅರ್ಧಕ್ಕಿಳಿದವು, ಚಾವಡಿಯಲ್ಲಿ ಹೋಳಿಗೆ ಹಂಚಿದರು. ಕೆಮ್ಮಿನವರು ಸಾಯುವುದು ಯಾರಿಗೂ ಹೊಸದೆನಿಸಲಿಲ್ಲ, ಅಂಕಿ ಇಳಿದದ್ದು ಮಾತ್ರ ಹೊಸದು. ಬಟ್ಟೆ ಬಿಚ್ಚಿದ ಮನೆಗಳಲ್ಲಿ ಯಾರೂ ವಾಸಿಯಾಗಿಲ್ಲ, ಅವರೆಲ್ಲ ಮಣ್ಣಾಗಿದ್ದಾರೆ ಎಂದು ನಾನು ನಿಂತು ಹೇಳಿದೆ. "ಇರುವಳಿ ಇಳದೈತಲ್ಲಬೇ ಅಂಬವ್ವಾ, ಮತ್ತೇನ್ ಬೇಕು ನಿನಗ?" ಎಂದರು ತೋಂಟಣ್ಣ, ಪ್ರೀತಿಯಿಂದಲೇ. ನನಗೆ ಸಿಟ್ಟು ನೆತ್ತಿಗೇರಿತು. ಸತ್ತವರ ಹೆಸರು ಹಿಡಿದು ಹೇಳುತ್ತಾ ಹೋದೆ. ಎಲ್ಲರೂ ಕಣ್ಣೊರೆಸಿಕೊಂಡರು, ಒರೆಸಿಕೊಂಡು ಹೋಳಿಗೆ ತಿಂದರು.

ಮನೆಯಲ್ಲಿ ಕೂಡಿಟ್ಟಿದ್ದ ಪುಡಿ ಈಗ ಮುಗಿದಿದೆ. ಬೇರೆ ಊರಿನಿಂದ ತರೋಣವೆಂದರೆ ಧೂಳಿಗೆ ದಾರಿ ಮುಚ್ಚಿದೆ. ತೋಂಟಣ್ಣನವರ ಕಾಲಿಗೂ ಬಿದ್ದು ಬಂದೆ. ನಮ್ಮ ಮನೆಯವರನ್ನು ದಿಂಬಿಗೆ ಒರಗಿಸಿ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. "ಬೈಕೋತ ಕುಂದರಬ್ಯಾಡ, ಹೋಗಿ ಉಣ್ಣು" ಎನ್ನುತ್ತಾರೆ, ಅಷ್ಟಕ್ಕೇ ಏದುಸಿರು.

ನೀವು ಅಲ್ಲಿಂದ ಪುಡಿ ಕಳಿಸಲಾರಿರಿ, ಬಲ್ಲೆ. ಒಂದೇ ಬೇಡಿಕೆ. ನಿಮ್ಮ ಊರಿನ ಇರುವಳಿ ಇಳಿದಾಗ, ಇದ್ದವರು ವಾಸಿಯಾದರೋ ಸತ್ತರೋ ಎಂದು ಕೇಳಿ. ಏರಿದಾಗ, ಯಾರು ಯಾರು ಬದುಕಿ ಉಳಿದಿದ್ದಾರೆ ಎಂದೂ ಕೇಳಿ. ಹಾಗೆ ಕೇಳುವುದನ್ನು ನಿಮ್ಮ ಮಕ್ಕಳಿಗೆ ಕಲಿಸಿ, ಅವರು ತಮ್ಮ ಮಕ್ಕಳಿಗೆ ಕಲಿಸಲಿ, ಹೇಗಾದರೂ ಅದು ತೋಂಟಣ್ಣನವರ ತನಕ ಬಂದು ಮುಟ್ಟಲಿ. ಬರುವ ಹುಣ್ಣಿಮೆಯ ಎಣಿಕೆಯಲ್ಲಿ ನಮ್ಮ ಮನೆಯಿಂದ ಒಬ್ಬರು ಕಡಿಮೆಯಾಗುತ್ತಾರೆ. ಅದಕ್ಕೆ ಊರು ಖುಷಿಪಡದಂತೆ ಮಾಡಿ.

ಅಂಬವ್ವ